ಅರೆದು ಬೆಳಕು ತೆಗೆಯುವುದು: ಪೆರೋವ್‌ಸ್ಕೈಟ್ ನ್ಯಾನೊ ಹರಳು ಮಾಡುವ ಸಮಗ್ರ ಮಾರ್ಗದರ್ಶಿ

ಸೀಸಿಯಂ ಬ್ರೋಮೈಡ್, ಲೆಡ್ (ಅಂದರೆ ಸೀಸದ) ಬ್ರೋಮೈಡ್ ಅನ್ನುವ ಎರಡು ಬಿಳಿ ಪುಡಿಗಳನ್ನು ಪುಟ್ಟ ಒರಳಿನಂಥ ಮಾರ್ಟರ್‌ಗೆ ಹಾಕಿ ಅರೆಯಲು ಶುರು ಮಾಡಿ. ಒಂದೆರಡು ನಿಮಿಷಕ್ಕೆ ಅಂಚಿನಲ್ಲಿ ಹಳದಿ ಕಾಣಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ಕಳೆದರೆ ಇಡೀ ಪುಡಿ ಹಳದಿಯಿಂದ ಕಿತ್ತಳೆಗೆ ತಿರುಗುತ್ತದೆ. ಬಿಸಿ ಮಾಡಿಲ್ಲ, ಕರಗಿಸಿಲ್ಲ, ನೈಟ್ರೋಜನ್ ಸಿಲಿಂಡರ್ ತಂದಿಲ್ಲ. ಆಮೇಲೆ ನಾಲ್ಕು ಹನಿ ಓಲೈಲಮೀನ್ (ಎಣ್ಣೆಯಂಥ ಒಂದು ದ್ರವ) ಬಿಟ್ಟು ಮತ್ತೆ ಅರೆದು, ರೂಮಿನ ಲೈಟ್ ಆರಿಸಿ, ಅಂಗಡಿಯವರು ನೋಟು ಅಸಲಿಯೋ ನಕಲಿಯೋ ನೋಡಲು ಇಟ್ಟುಕೊಳ್ಳುತ್ತಾರಲ್ಲ, ಅಂಥ ಯು.ವಿ. ಟಾರ್ಚ್ ಹಿಡಿದರೆ ಮಾರ್ಟರ್ ಒಳಗಿನಿಂದ ಹಸಿರು ಬೆಳಕು ಬರುತ್ತದೆ. ಎಷ್ಟು ಸಲ ಮಾಡಿದರೂ ಆ ಕ್ಷಣಕ್ಕೆ ನನಗೆ ಮೈ ಜುಮ್ಮೆನ್ನುತ್ತದೆ.

ನಾನು ಕೋಲಾರದವಳು. ಇಲ್ಲಿನ ಕಾಲೇಜು ಲ್ಯಾಬಿನಲ್ಲಿ ಎಂ.ಎಸ್ಸಿ. ಮಕ್ಕಳ ಜೊತೆ ಈ ಕೆಲಸ ಮಾಡುತ್ತ ಬಂದಿದ್ದೇನೆ. ಕನ್ನಡದಲ್ಲಿ ಇದನ್ನು ಹೆಜ್ಜೆ ಹೆಜ್ಜೆಯಾಗಿ ಯಾರೂ ಹೇಳಿಕೊಡಲಿಲ್ಲ ಅಂತ ಪ್ರತಿ ಬ್ಯಾಚಿನವರೂ ಹೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ. ಇದು ಕಾಲೇಜು ಲ್ಯಾಬಿನಲ್ಲಿ, ಫ್ಯೂಮ್ ಹುಡ್ (ಆವಿ, ಧೂಳನ್ನು ಹೊರಗೆಳೆಯುವ ಗೂಡು) ಇರುವ ಕಡೆ, ಗೈಡ್ ಪಕ್ಕದಲ್ಲಿದ್ದಾಗ ಮಾಡುವ ಕೆಲಸ. ಮನೆಯಲ್ಲಿ ಬೇಡವೇ ಬೇಡ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಅರೆದರೆ ಯಾಕೆ ಆಗುತ್ತದೆ

ಪೆರೋವ್‌ಸ್ಕೈಟ್ ಅನ್ನುವುದು ಮೊದಲು ಒಂದು ಖನಿಜದ ಹೆಸರು. 1839ರಲ್ಲಿ ಯೂರಲ್ ಬೆಟ್ಟಗಳಲ್ಲಿ ಸಿಕ್ಕ ಕ್ಯಾಲ್ಸಿಯಂ ಟೈಟನೇಟ್ ಕಲ್ಲನ್ನು ಗುಸ್ಟಾವ್ ರೋಸ್ ವಿವರಿಸಿ, ರಷ್ಯಾದ ಲೆವ್ ಪೆರೋವ್‌ಸ್ಕಿ ಹೆಸರಿಟ್ಟರು. ಈಗ ಅದೇ ಜೋಡಣೆ ಇರುವ ಎಲ್ಲ ಹರಳುಗಳಿಗೂ ಆ ಹೆಸರು ನಿಂತಿದೆ. ನಮ್ಮದರಲ್ಲಿ ಮೂರು ಪಾತ್ರ: ಸೀಸಿಯಂ, ಸೀಸ, ಬ್ರೋಮಿನ್. ಒಂದು ಸೀಸದ ಸುತ್ತ ಆರು ಬ್ರೋಮೈಡ್ ನಿಂತು ಎಂಟು ಮುಖದ ಗೂಡು ಕಟ್ಟುತ್ತವೆ, ಆ ಗೂಡುಗಳು ಮೂಲೆ ಮೂಲೆ ಹಂಚಿಕೊಂಡು ಸಾಲಾಗುತ್ತವೆ, ನಡುವಿನ ಖಾಲಿ ಜಾಗದಲ್ಲಿ ಸೀಸಿಯಂ ಕೂರುತ್ತದೆ. (ಕನ್ನಡದಲ್ಲಿ ಸೀಸ ಬೇರೆ, ಸೀಸಿಯಂ ಬೇರೆ. ಮೊದಲ ದಿನ ಎಲ್ಲರಿಗೂ ಗೊಂದಲ ಆಗುತ್ತದೆ. ಬಾಟಲಿಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿಬಿಡಿ.)

ಈ ಹರಳು ಬಹಳ ಮೆತ್ತಗಿನದು. ಬಂಧಗಳು ಹೆಚ್ಚಾಗಿ ಅಯಾನಿಕ್ (ವಿದ್ಯುದಂಶ ಇರುವ ಕಣಗಳು, ಅಂದರೆ ಅಯಾನುಗಳು, ಒಂದನ್ನೊಂದು ಸೆಳೆದು ಆದವು), ಬ್ರೋಮೈಡ್ ಅಯಾನುಗಳು ಕೋಣೆಯ ಉಷ್ಣಾಂಶದಲ್ಲೇ ಜಾಗ ಬದಲಿಸುತ್ತವೆ. ಹಾಗಾಗಿ ಕುಲುಮೆ ಬೇಕಾಗುವುದಿಲ್ಲ. ಅರೆಯುವ ಗುಂಡಿನ ಒತ್ತಡ, ಉಜ್ಜಾಟ, ಪ್ರತಿ ಸುತ್ತಿಗೂ ಬಿಚ್ಚಿಕೊಳ್ಳುವ ಹೊಸ ಮುಖ, ಇಷ್ಟು ಸಾಕು. ಅಯಾನುಗಳು ಆಚೀಚೆ ಹೋಗಿ ಹೊಸ ಹರಳು ಕಟ್ಟಿಕೊಳ್ಳುತ್ತವೆ.

ನಮ್ಮ ಜಿಲ್ಲೆಗೆ ಅರೆಯುವುದು ಹೊಸದೇನಲ್ಲ, ಅಲ್ವಾ. ಕೆ.ಜಿ.ಎಫ್.ನಲ್ಲಿ ನೂರಕ್ಕೂ ಜಾಸ್ತಿ ವರ್ಷ ಗಣಿಯಿಂದ ಕಲ್ಲು ತಂದು ಕುಟ್ಟಿ, ಮಿಲ್ಲಿನಲ್ಲಿ ಅರೆದು ಚಿನ್ನ ತೆಗೆದರು. ಆದರೆ ಅಲ್ಲಿ ಅರೆದದ್ದು ಒಳಗಿದ್ದದ್ದನ್ನು ಹೊರಗೆ ತೆಗೆಯುವುದಕ್ಕೆ. ಇಲ್ಲಿ ಅರೆಯುವುದು ಇಲ್ಲದ್ದನ್ನು ಹುಟ್ಟಿಸುವುದಕ್ಕೆ. ಈ ವ್ಯತ್ಯಾಸ ತಲೆಯಲ್ಲಿ ಕೂತರೆ ಅರ್ಧ ಕೆಲಸ ಬಂದಂತೆ. ಜಾಸ್ತಿ ಅರೆದಷ್ಟೂ ಸಣ್ಣ ಹರಳು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಪೂರ್ತಿ ನಿಜವಲ್ಲ. ಹರಳನ್ನು ಸಣ್ಣದಾಗಿ ಇಡುವುದು ಓಲೈಲಮೀನ್ ತರಹದ ಲಿಗ್ಯಾಂಡ್. ಉದ್ದ ಬಾಲದ ಈ ಅಣುಗಳು ಹರಳಿನ ಮೈಗೆ ಅಂಟಿಕೊಂಡು, ಒಂದು ಹರಳು ಇನ್ನೊಂದರ ಜೊತೆ ಸೇರಿ ದಪ್ಪ ಆಗದಂತೆ ತಡೆಯುತ್ತವೆ. ಲಿಗ್ಯಾಂಡ್ ಇಲ್ಲದೆ ದಿನವಿಡೀ ಅರೆದರೂ ಸಿಗುವುದು ಮಂಕಾದ ಕಿತ್ತಳೆ ಪುಡಿ.

ಗಾತ್ರಕ್ಕೆ ಯಾಕೆ ಇಷ್ಟು ಮಹತ್ವ? ದೊಡ್ಡ ಹರಳಿನಲ್ಲಿ ಬೆಳಕು ಹೀರಿ ಎದ್ದ ಎಲೆಕ್ಟ್ರಾನು ಮತ್ತು ಅದು ಬಿಟ್ಟು ಬಂದ ಖಾಲಿ ಜಾಗ ದೂರ ದೂರ ಹೋಗಿ ಎಲ್ಲೋ ದೋಷದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹತ್ತು ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಆಸುಪಾಸಿನ ಹರಳಿನಲ್ಲಿ ಎರಡಕ್ಕೂ ಓಡಿಹೋಗಲು ಜಾಗವಿಲ್ಲ. ಸೇರಿಕೊಂಡು ಬೆಳಕಾಗುತ್ತವೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಇ.ಟಿ.ಎಚ್. ಜ್ಯೂರಿಕ್‌ನ ಕೊವಲೆಂಕೊ ಗುಂಪು ಈ ಸೀಸಿಯಂ ಹರಳುಗಳನ್ನು ಬಿಸಿ ದ್ರಾವಣದಲ್ಲಿ ಮಾಡಿ ತೋರಿಸಿತು. 4ರಿಂದ 15 ನ್ಯಾನೊಮೀಟರ್ ಗಾತ್ರ, ಹೀರಿದ ಬೆಳಕಿನಲ್ಲಿ ಶೇ. 90ರವರೆಗೆ ವಾಪಸ್. ಅಲ್ಲಿಂದ ಈ ಕ್ಷೇತ್ರ ಓಡಲು ಶುರುವಾಯಿತು. ಆ ವಿಧಾನಕ್ಕೆ 140ರಿಂದ 200 ಡಿಗ್ರಿ ಶಾಖ, ಗಾಳಿ ಸೋಕದ ಫ್ಲಾಸ್ಕ್, ಕ್ಷಣದಲ್ಲಿ ಚುಚ್ಚುವ ಸಿರಿಂಜ್ ಎಲ್ಲ ಬೇಕು. ಅರೆಯುವ ವಿಧಾನ ಬಂದದ್ದು ಸ್ವಲ್ಪ ಆಮೇಲೆ. ನಮ್ಮಂಥ ಲ್ಯಾಬುಗಳಿಗೆ ಅದು ವರ.

ಮೊದಲು ಸೀಸದ ಲೆಕ್ಕ

ನಾವು ಒಂದು ಸಲಕ್ಕೆ ಬಳಸುವುದು ಒಂದು ಮಿಲಿಮೋಲ್ (ಮೋಲ್ ಅಂದರೆ ಕಣಗಳ ಎಣಿಕೆಯ ಅಳತೆ) ಲೆಡ್ ಬ್ರೋಮೈಡ್, ಅಂದರೆ 367 ಮಿಲಿಗ್ರಾಂ. ಒಂದು ಚಿಟಿಕೆ. ಅದರಲ್ಲಿ ಸೀಸ 207 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಭಾಗಿಸಿ ನೋಡಿ. 20,000 ಲೀಟರಿಗೂ ಜಾಸ್ತಿ ನೀರನ್ನು ಮಿತಿಗೆ ಮುಟ್ಟಿಸುವಷ್ಟು ಸೀಸ ಆ ಒಂದು ಚಿಟಿಕೆಯಲ್ಲಿದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಾಲ್ಕು ಟ್ಯಾಂಕರ್. ವರ್ಷವಿಡೀ ಹರಿಯುವ ಹೊಳೆ ಇಲ್ಲದ, ಬೋರ್‌ವೆಲ್ಲನ್ನೇ ನಂಬಿರುವ, ಅಂತರ್ಜಲ ಏರಲಿ ಅಂತ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೆ.ಸಿ. ವ್ಯಾಲಿ ನೀರನ್ನು ಕೆರೆಗಳಿಗೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಯಲ್ಲಿ ಕೂತು ಈ ಪುಡಿಯನ್ನು ಸಿಂಕಿಗೆ ತೊಳೆದುಬಿಡುವುದು ನನ್ನ ಕೈಲಿ ಆಗುವುದಿಲ್ಲ. ಲೆಡ್ ಬ್ರೋಮೈಡ್ ನೀರಿನಲ್ಲಿ ಕರಗುತ್ತದೆ ಕೂಡ, 100 ಮಿಲಿಲೀಟರಿಗೆ ಸುಮಾರು ಒಂದು ಗ್ರಾಂ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಅರೆದು ಉಳಿದ ಪುಡಿ ಇವತ್ತಿಗೂ ಅಲ್ಲೇ ಇದೆ, ಗಾಳಿ ಬೀಸಿದರೆ ಎದ್ದು ಬರುತ್ತದೆ.

ಹಾಗಾಗಿ ನಮ್ಮ ಲ್ಯಾಬಿನಲ್ಲಿ ಎರಡೇ ನಿಯಮ. ಪುಡಿ ಹಾರಬಾರದು. ನೀರಿಗೆ ಸೇರಬಾರದು. ಉಳಿದದ್ದೆಲ್ಲ ಇವೆರಡರಿಂದಲೇ ಬರುತ್ತದೆ. ನೈಟ್ರೈಲ್ ಗ್ಲೌಸ್, ಎನ್-95 ಮಾಸ್ಕ್, ಕನ್ನಡಕ, ಉದ್ದ ತೋಳಿನ ಕೋಟು. ಬೆಂಚಿನ ಮೇಲೆ ಒಂದು ಟ್ರೇ, ಟ್ರೇ ಒಳಗೆ ಒದ್ದೆ ಟಿಶ್ಯೂ, ಅದರ ಮೇಲೆ ಮಾರ್ಟರ್. ಚೆಲ್ಲಿದರೆ ಪೊರಕೆ ಹಿಡಿಯಬಾರದು, ಫ್ಯಾನ್ ಹಾಕಬಾರದು. ಒದ್ದೆ ಟಿಶ್ಯೂವಿನಲ್ಲಿ ಒತ್ತಿ ತೆಗೆದು ತ್ಯಾಜ್ಯದ ಡಬ್ಬಕ್ಕೆ. ಗ್ಲೌಸ್ ಹಾಕಿದ ಕೈಲಿ ಮೊಬೈಲ್ ಮುಟ್ಟಬೇಡಿ. ಬಸುರಿಯರು, ಎದೆಹಾಲು ಕುಡಿಸುವವರು ಈ ಕೆಲಸದಿಂದ ದೂರ ಇರಬೇಕು. ನಮ್ಮ ಅಟೆಂಡರ್ ಅಣ್ಣ ಒಂದು ಸಲ ಪ್ರೀತಿಯಿಂದ ಮಾರ್ಟರ್‌ಗಳನ್ನೆಲ್ಲ ನಲ್ಲಿ ಕೆಳಗೆ ತೊಳೆದಿಟ್ಟಿದ್ದರು. ತಪ್ಪು ಅವರದ್ದಲ್ಲ, ಹೇಳದೆ ಇದ್ದ ನನ್ನದು. ಅವತ್ತಿನಿಂದ ಸೀಸದ ಮಾರ್ಟರ್‌ಗೆ ಕೆಂಪು ಟೇಪ್, ಅದನ್ನು ಅರೆದವರೇ ಒರೆಸಬೇಕು.

ಸೀಸ ಇಲ್ಲದೆ ಕೈ ಪಳಗಿಸಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮೊದಲ ವಾರ ಸೀಸಿಯಂ ಅಯೊಡೈಡ್ ಮತ್ತು ಕಾಪರ್ ಅಯೊಡೈಡ್ ತೆಗೆದುಕೊಳ್ಳಿ. 3ಕ್ಕೆ 2ರ ಮೋಲ್ ಅನುಪಾತ. ತೂಕದಲ್ಲಿ 390 ಮಿಲಿಗ್ರಾಂ ಮತ್ತು 190 ಮಿಲಿಗ್ರಾಂ. ಹದಿನೈದು ಇಪ್ಪತ್ತು ನಿಮಿಷ ಅರೆದು, ಟಿ.ಎಲ್.ಸಿ. (ತೆಳು ಪದರದ ಮೇಲೆ ಮಿಶ್ರಣ ಬೇರೆ ಮಾಡುವ ಪರೀಕ್ಷೆ) ನೋಡುವ ಯು.ವಿ. ಡಬ್ಬದಲ್ಲಿ 254 ನ್ಯಾನೊಮೀಟರ್ ಅಲೆಯುದ್ದದ ದೀಪದ ಕೆಳಗಿಡಿ. ತಿಳಿ ನೀಲಿ ಬೆಳಕು, ಸುಮಾರು 440-445 ನ್ಯಾನೊಮೀಟರ್. ನೋಟಿನ ಟಾರ್ಚಿಗೆ ಇದು ಹೊಳೆಯುವುದಿಲ್ಲ, ಯಾಕೆಂದರೆ ಅದು 365 ನ್ಯಾನೊಮೀಟರಿನದು, ಈ ವಸ್ತು ಹೀರುವುದು ಅದಕ್ಕಿಂತ ಸಣ್ಣ ಅಲೆಯನ್ನು. ಅನುಪಾತ ತಪ್ಪಿ ಕಾಪರ್ ಜಾಸ್ತಿ ಆದರೆ ನೀಲಿಯ ನಡುವೆ ಹಳದಿ ಚುಕ್ಕೆ ಕಾಣುತ್ತದೆ. ಅದು 1ಕ್ಕೆ 2ರ ಇನ್ನೊಂದು ಹರಳು. ಅಂದರೆ ನಿಮ್ಮ ತೂಕ ಸರಿಯಿತ್ತೋ, ಅರೆದದ್ದು ಸಮನಾಗಿದೆಯೋ ಅಂತ ಬಣ್ಣವೇ ಹೇಳಿಬಿಡುತ್ತದೆ. ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಡ. ಜೋಡಣೆಯ ಲೆಕ್ಕದಲ್ಲಿ ಇದು ನಿಜವಾದ ಪೆರೋವ್‌ಸ್ಕೈಟ್ ಅಲ್ಲ, ಆದರೆ ಅರೆಯುವ ಕೈಗೆ ಅದೇ ಅಭ್ಯಾಸ. 254ರ ದೀಪವನ್ನು ಬರಿಗಣ್ಣಲ್ಲಿ ನೋಡಬೇಡಿ, ಕೈಯನ್ನೂ ಅದರ ಕೆಳಗೆ ಇಡಬೇಡಿ.

ಏನೇನು ಬೇಕು

ಸೀಸಿಯಂ ಬ್ರೋಮೈಡ್, ಲೆಡ್ ಬ್ರೋಮೈಡ್, ಎರಡೂ ಶೇ. 99.9 ಶುದ್ಧತೆಯದಾದರೆ ಒಳ್ಳೆಯದು. ಓಲೈಲಮೀನ್, ಓಲೀಕ್ ಆಮ್ಲ, ಆಕ್ಟಡೆಸೀನ್, ಟಾಲ್ಯೂಯಿನ್, ಇಥೈಲ್ ಅಸಿಟೇಟ್. ಅಗೇಟ್ ಮಾರ್ಟರ್. ಪಿಂಗಾಣಿಯದು ಬೇಡ, ಅದರ ಮೈಯ ರಂಧ್ರಗಳಲ್ಲಿ ಪುಡಿ ಕೂತು ಮುಂದಿನ ಬ್ಯಾಚು ಕೆಡುತ್ತದೆ, ಸೀಸವೂ ಅಲ್ಲೇ ಉಳಿಯುತ್ತದೆ. 0.1 ಮಿಲಿಗ್ರಾಂ ತೋರಿಸುವ ತಕ್ಕಡಿ, ಮೈಕ್ರೋಪಿಪೆಟ್, ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ತಳ ಕೂರಿಸುವ ಯಂತ್ರ), 365 ನ್ಯಾನೊಮೀಟರಿನ ಟಾರ್ಚ್. 395ರ ಅಗ್ಗದ ಟಾರ್ಚೂ ಹಸಿರು ತೋರಿಸುತ್ತದೆ, ಆದರೆ ಅದರದೇ ನೇರಳೆ ಬೆಳಕು ಕಣ್ಣಿಗೆ ಹೊಡೆದು ಮಂಕು ಯಾವುದು ಹೊಳಪು ಯಾವುದು ತಿಳಿಯುವುದಿಲ್ಲ. ಯು.ವಿ. ತಡೆಯುವ ಕನ್ನಡಕ ಹಾಕಿಕೊಳ್ಳಿ.

ಸೀಸಿಯಂ ಬ್ರೋಮೈಡ್ ತೇವ ಹೀರುತ್ತದೆ. ಹಿಂದಿನ ರಾತ್ರಿಯೇ 110-120 ಡಿಗ್ರಿ ಓವನ್ನಿನಲ್ಲಿ ಇಟ್ಟು, ಬೆಳಗ್ಗೆ ಡೆಸಿಕೇಟರಿನಲ್ಲಿ (ತೇವ ಸೋಕದ ಮುಚ್ಚಿದ ಪಾತ್ರೆ) ತಣಿಸಿ. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ನಮ್ಮ ಕಡೆ ಈ ಕೆಲಸ ಸಲೀಸು. ಮಳೆ ಹಿಡಿದ ದಿನಗಳಲ್ಲಿ ತೂಕ ಹಾಕುತ್ತಿರುವಾಗಲೇ ಅಂಕಿ ಏರುತ್ತ ಹೋಗುತ್ತದೆ. ಡಿಸೆಂಬರಿನ ಬೆಳಗ್ಗೆ ಇನ್ನೊಂದು ತೊಂದರೆ. ಓಲೈಲಮೀನ್ ಬಾಟಲಿಯಲ್ಲೇ ಗಟ್ಟಿಯಾಗಿ ಮುದ್ದೆ ಆಗಿರುತ್ತದೆ. ಕೆಟ್ಟಿತು ಅಂತ ಬಿಸಾಡಬೇಡಿ. ಮುಚ್ಚಳ ಬಿಗಿ ಮಾಡಿ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ, ಕರಗುತ್ತದೆ.

ತೂಕ

ಸೀಸಿಯಂ ಬ್ರೋಮೈಡ್ 213 ಮಿಲಿಗ್ರಾಂ, ಲೆಡ್ ಬ್ರೋಮೈಡ್ 367 ಮಿಲಿಗ್ರಾಂ. ಎರಡೂ ಒಂದೊಂದು ಮಿಲಿಮೋಲ್. ನಾನು ಲೆಡ್ ಬ್ರೋಮೈಡನ್ನು 375ಕ್ಕೆ ಏರಿಸುತ್ತೇನೆ, ಶೇ. 2ರಷ್ಟು ಜಾಸ್ತಿ. ಯಾಕೆಂದರೆ ಸೀಸಿಯಂ ಮೇಲಾದರೆ ಬೇರೆಯೇ ಹರಳು ಹುಟ್ಟುತ್ತದೆ: ನಾಲ್ಕು ಸೀಸಿಯಂಗೆ ಒಂದು ಸೀಸ ಇರುವ ಬಿಳಿ ಹರಳು. ನಮಗೆ ಬೇಕಾದ ಬೆಳಕು ಅದರದ್ದಲ್ಲ. ಸೀಸ ತೀರಾ ಜಾಸ್ತಿ ಆದರೆ ಒಂದು ಸೀಸಿಯಂಗೆ ಎರಡು ಸೀಸದ ಇನ್ನೊಂದು ಹರಳು ಬರುತ್ತದೆ, ಅದೂ ಮಂಕು. ಶೇ. 2 ಅಂದರೆ ಶೇ. 2, ಅಷ್ಟೇ.

ತಕ್ಕಡಿ ಫ್ಯೂಮ್ ಹುಡ್ಡಿನ ಗಾಳಿಯಲ್ಲಿ ನಿಲ್ಲುವುದಿಲ್ಲ. ಹುಡ್ಡಿನ ಹೊರಗೆ, ಮುಚ್ಚಳವಿರುವ ಪುಟ್ಟ ಬಾಟಲಿಗೆ ತೂಗಿ, ಮುಚ್ಚಿ, ಹುಡ್ಡಿನೊಳಗೆ ಒಯ್ದು ಮಾರ್ಟರ್‌ಗೆ ಬಗ್ಗಿಸಿ. ಬೇರೆ ಬೇರೆ ಸ್ಪ್ಯಾಚುಲಾ ಬಳಸಿ.

ಮಾರ್ಟರಿನಲ್ಲಿ

ಸೀಸಿಯಂ ಬ್ರೋಮೈಡನ್ನು ಮೊದಲು ಒಂಟಿಯಾಗಿ ಅರೆದುಕೊಳ್ಳಿ, ಉಪ್ಪಿನ ಹರಳಿನಂತೆ ಇರುತ್ತದೆ. ಅದರಲ್ಲಿ ಸೀಸವಿಲ್ಲ, ಒಣಗಿದ್ದರೂ ಪರವಾಗಿಲ್ಲ. ನುಣ್ಣಗಾದ ಮೇಲೆ ಲೆಡ್ ಬ್ರೋಮೈಡ್ ಸೇರಿಸಿ, ತಕ್ಷಣ ಎರಡು ಹನಿ ಆಕ್ಟಡೆಸೀನ್ ಬಿಡಿ. ಇದು ಎಣ್ಣೆಯಂಥ ದ್ರವ. ಬೇಗ ಆವಿಯಾಗುವುದಿಲ್ಲ, ಹರಳಿನ ಜೊತೆ ಜಗಳಕ್ಕೂ ಹೋಗುವುದಿಲ್ಲ. ಪುಡಿ ಹಾರುವುದು ಮಾತ್ರ ನಿಲ್ಲುತ್ತದೆ. ದ್ರವ ಹಾಕದೆ ಒಣದಾಗಿಯೇ ಅರೆಯಬೇಕು ಅಂತ ಬರೆದಿರುವ ವಿಧಾನಗಳೂ ಇವೆ. ಕೈಲಿ ಅರೆಯುವಾಗ ನಾನು ಅದಕ್ಕೆ ಒಪ್ಪುವುದಿಲ್ಲ.

ಈಗ ಅರೆಯಿರಿ. ಕುಟ್ಟಬೇಡಿ. ಗುಂಡನ್ನು ಗೋಡೆಗೆ ಒತ್ತಿ, ನಿಧಾನಕ್ಕೆ ಸುತ್ತಿಸಿ. ಎರಡೆರಡು ನಿಮಿಷಕ್ಕೆ ನಿಲ್ಲಿಸಿ, ಗೋಡೆಗೆ ಹತ್ತಿದ್ದನ್ನು ಸ್ಪ್ಯಾಚುಲಾದಿಂದ ಕೆರೆದು ನಡುವಿಗೆ ತನ್ನಿ. ಒರಳಿನಲ್ಲಿ ಚಟ್ನಿ ಅರೆಯುವಾಗ ಅಜ್ಜಿ ಒಂದು ಕೈಲಿ ಗುಂಡು ತಿರುಗಿಸುತ್ತ ಇನ್ನೊಂದು ಕೈಲಿ ಒಳಕ್ಕೆ ತಳ್ಳುತ್ತಿದ್ದಳಲ್ಲ, ಅದೇ ಲಯ. ಅವಳು ಹೇಳುತ್ತಿದ್ದ ಇನ್ನೊಂದು ಮಾತೂ ಇಲ್ಲಿಗೆ ಸರಿಯಾಗಿ ಹೊಂದುತ್ತದೆ: ನೀರು ಜಾಸ್ತಿಯಾದರೆ ಗುಂಡು ಜಾರುತ್ತದೆ, ಚಟ್ನಿ ನುಣ್ಣಗಾಗುವುದಿಲ್ಲ. ಇಲ್ಲೂ ದ್ರವ ಜಾಸ್ತಿಯಾದರೆ ಒತ್ತಡವೆಲ್ಲ ಜಾರಿಹೋಗುತ್ತದೆ. ಒದ್ದೆ ಮರಳಿನ ಹದ ಇರಬೇಕು, ತೇಲಬಾರದು.

ಹತ್ತು ಹದಿನೈದು ನಿಮಿಷಕ್ಕೆ ಬಿಳಿ ಚುಕ್ಕೆ ಒಂದೂ ಉಳಿಯದೆ ಬಣ್ಣ ಸಮನಾಗಬೇಕು. ಟಾರ್ಚ್ ಹಿಡಿದು ನೋಡಿ. ಬೆಳಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರುತ್ತದೆ. ಹೆದರಬೇಡಿ. ಹರಳು ಹುಟ್ಟಿದೆ, ಆದರೆ ದಪ್ಪ.

ಈಗ ಓಲೈಲಮೀನ್ 100 ಮೈಕ್ರೋಲೀಟರ್. ಒಂದೇ ಸಲ ಸುರಿಯಬೇಡಿ. 25ರಂತೆ ನಾಲ್ಕು ಕಂತು, ಪ್ರತಿ ಕಂತಿನ ನಡುವೆ ಐದು ನಿಮಿಷ ಅರೆತ. ಎರಡನೇ ಕಂತಿನ ಹೊತ್ತಿಗೆ ಕಿತ್ತಳೆ ತಗ್ಗಿ ಹಳದಿ-ಹಸಿರು ಮುದ್ದೆ ಆಗುತ್ತದೆ, ಟಾರ್ಚಿಗೆ ಗೋಡೆಯ ತೆಳು ಪದರ ಮೊದಲು ಹೊಳೆಯುತ್ತದೆ. ಅಲ್ಲಿ ಒತ್ತಡ ಚೆನ್ನಾಗಿ ಬಿದ್ದಿದೆ ಅಂತ ಅರ್ಥ. ಕೊನೆಯಲ್ಲಿ ಓಲೀಕ್ ಆಮ್ಲ 50 ಮೈಕ್ರೋಲೀಟರ್ ಹಾಕಿ ಇನ್ನೊಂದು ಹತ್ತು ನಿಮಿಷ. ಒಟ್ಟು ಮುಕ್ಕಾಲು ಗಂಟೆ. ಕೈ ನೋಯುತ್ತದೆ, ಇಬ್ಬರು ಸರದಿ ಹಾಕಿಕೊಳ್ಳಿ.

ಓಲೈಲಮೀನ್ ವಿಷಯದಲ್ಲಿ ಆಸೆ ಬೇಡ. ಒಂದು ಬ್ಯಾಚಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಹೊಳಪು ಇನ್ನೂ ಏರಲಿ ಅಂತ ಮೂರು ಪಟ್ಟು ಹಾಕಿ ರಾತ್ರಿ ಬಿಟ್ಟಿದ್ದಳು. ಬೆಳಗ್ಗೆ ಬಂದು ನೋಡಿದರೆ ಮುದ್ದೆ ಬೆಳ್ಳಗೆ, ಬೆಳಕೂ ಹೋಗಿತ್ತು. ಜಾಸ್ತಿಯಾದ ಅಮೀನ್ ಹರಳಿನಿಂದ ಲೆಡ್ ಬ್ರೋಮೈಡನ್ನು ಎಳೆದುಕೊಂಡು, ಆಗಲೇ ಹೇಳಿದ ನಾಲ್ಕು ಸೀಸಿಯಂ ಹರಳನ್ನು ಉಳಿಸುತ್ತದೆ. ಅವಳು ಅಳುಮುಖ ಮಾಡಿಕೊಂಡು "ಮೇಡಂ, ಎಲ್ಲ ಹೋಯ್ತು" ಅಂದಳು. ನಿಜವಾಗಿ ಅವತ್ತು ನಮ್ಮ ಗುಂಪು ಎಲ್ಲಕ್ಕಿಂತ ಜಾಸ್ತಿ ಕಲಿತಿತು, ಅವಳ ಪ್ರಾಜೆಕ್ಟಿನ ಅರ್ಧ ಅಧ್ಯಾಯ ಆ ಬಿಳಿ ಮುದ್ದೆಯಿಂದಲೇ ಬಂತು.

ಬಾಲ್ ಮಿಲ್ ಇದ್ದರೆ

ಪ್ಲಾನೆಟರಿ ಬಾಲ್ ಮಿಲ್ಲಿನಲ್ಲಿ ಡಬ್ಬ ಒಂದು ದಿಕ್ಕಿಗೆ, ತಟ್ಟೆ ಇನ್ನೊಂದು ದಿಕ್ಕಿಗೆ ತಿರುಗುತ್ತದೆ, ಗುಂಡುಗಳು ಹಾರಿ ಹಾರಿ ಹೊಡೆಯುತ್ತವೆ. ಜಾರ್ ಮತ್ತು ಗುಂಡು ಜಿರ್ಕೋನಿಯಾದ್ದಿರಲಿ. ಸ್ಟೀಲಿನದ್ದಾದರೆ ಕಬ್ಬಿಣ ಸವೆದು ಸೇರಿಕೊಂಡು ಬೆಳಕು ಕುಗ್ಗುತ್ತದೆ.

50 ಮಿಲಿಲೀಟರ್ ಜಾರಿಗೆ ನಾನು ಹಾಕುವುದು: ಐದು ಮಿಲಿಮೋಲ್, ಅಂದರೆ ಸೀಸಿಯಂ ಬ್ರೋಮೈಡ್ 1.06 ಗ್ರಾಂ, ಲೆಡ್ ಬ್ರೋಮೈಡ್ 1.84 ಗ್ರಾಂ. ಗುಂಡುಗಳು 5 ಮಿಲಿಮೀಟರಿನವು, ಸುಮಾರು 58 ಗ್ರಾಂ, ಪುಡಿಯ 20 ಪಟ್ಟು ತೂಕ. ಜಾರಿನ ಮೂರನೇ ಒಂದು ಪಾಲು ಗುಂಡು, ಮೂರನೇ ಒಂದು ಪಾಲು ಸಾಮಾನು, ಉಳಿದದ್ದು ಖಾಲಿ. ಆ ಖಾಲಿ ಜಾಗ ಇಲ್ಲದಿದ್ದರೆ ಗುಂಡು ಹಾರುವುದಾದರೂ ಎಲ್ಲಿಗೆ? ದ್ರವವಾಗಿ ಮೆಸಿಟಿಲೀನ್ 10 ಮಿಲಿಲೀಟರ್, ಓಲೈಲಮೀನ್ ಅರ್ಧ ಮಿಲಿಲೀಟರ್. ಟಾಲ್ಯೂಯಿನ್, ಹೆಕ್ಸೇನ್ ಹಾಕಿ ಮಿಲ್ ಓಡಿಸಬೇಡಿ. ಜಾರ್ ಬಿಸಿಯಾಗುತ್ತದೆ, ಒಳಗೆ ಆವಿಯ ಒತ್ತಡ ಏರುತ್ತದೆ, ಮುಚ್ಚಳ ತೆಗೆದಾಗ ಹತ್ತಿಕೊಳ್ಳುವ ಆವಿ ಮುಖಕ್ಕೆ ಬರುತ್ತದೆ. ಮೆಸಿಟಿಲೀನ್ ಕುದಿಯುವುದು 165 ಡಿಗ್ರಿಗೆ, ಹಾಗಾಗಿ ಅದು ವಾಸಿ. ಆದರೂ ಅದಕ್ಕೂ ಬೆಂಕಿ ಹತ್ತುತ್ತದೆ, ಮರೆಯಬೇಡಿ.

ನಿಮಿಷಕ್ಕೆ 300-400 ಸುತ್ತು. ಹತ್ತು ನಿಮಿಷ ಓಟ, ಐದು ನಿಮಿಷ ವಿಶ್ರಾಂತಿ, ಓಟದ ಲೆಕ್ಕದಲ್ಲಿ ಒಂದು ಗಂಟೆ. ನಡುವೆ ಕರೆಂಟ್ ಹೋದರೆ ಹರಳಿಗೇನೂ ಆಗುವುದಿಲ್ಲ. ಜಾರ್ ತಣ್ಣಗಾದ ಮೇಲೆ, ಹುಡ್ಡಿನೊಳಗೇ ತೆರೆಯಬೇಕು. ಕನಿಷ್ಠ ಅರ್ಧ ಗಂಟೆ ಕಾಯಿರಿ. ಒಂದು ಮಾತು ನೆನಪಿಡಿ: ಇದರಲ್ಲಿ ಸೀಸ ಒಂದು ಗ್ರಾಮಿಗೂ ಮೇಲಿದೆ, ಟ್ಯಾಂಕರಿನ ಲೆಕ್ಕದಲ್ಲಿ ಇಪ್ಪತ್ತು. ಮಾರ್ಟರಿನಲ್ಲಿ ಹತ್ತು ಸಲ ಸರಿಬರದೆ ಮಿಲ್ಲಿಗೆ ಹೋಗಬೇಡಿ. ಅಡಿಗೆಮನೆಯ ಮಿಕ್ಸಿ, ಕಾಫಿ ಗ್ರೈಂಡರ್ ಬಗ್ಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಉತ್ತರ ಒಂದೇ, ಬೇಡ.

ಹರಳನ್ನು ಬೇರೆ ಮಾಡುವುದು

ಮುದ್ದೆಯಿಂದ ಕಡಲೆಕಾಳಿನಷ್ಟು ತೆಗೆದು 10 ಮಿಲಿಲೀಟರ್ ಟಾಲ್ಯೂಯಿನ್‌ಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಸೋನಿಕೇಟರ್ (ಶಬ್ದದ ಅಲೆಯಿಂದ ಅಲ್ಲಾಡಿಸುವ ಉಪಕರಣ) ಇದ್ದರೆ ಐದು ನಿಮಿಷ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 3,000-4,000 ಸುತ್ತಿನಂತೆ ಐದು ನಿಮಿಷ. ದಪ್ಪ ಹರಳು, ಅರೆಯದ ಪುಡಿ ತಳಕ್ಕೆ. ಮೇಲಿನ ತಿಳಿಯಲ್ಲಿ ನ್ಯಾನೊ ಹರಳು. ಆ ತಿಳಿ ಹಗಲು ಬೆಳಕಿನಲ್ಲೇ ಹಸಿರಾಗಿ ಹೊಳೆಯುತ್ತದೆ, ಟಾರ್ಚ್ ಬೇಕಾಗುವುದಿಲ್ಲ. ಕಿಟಕಿ ಪಕ್ಕ ಹಿಡಿದು ನೋಡಿ.

ಉಳಿದ ಲಿಗ್ಯಾಂಡ್ ತೆಗೆಯಬೇಕಾದರೆ ಅಷ್ಟೇ ಪ್ರಮಾಣದ ಇಥೈಲ್ ಅಸಿಟೇಟ್ ಹಾಕಿ, ಮತ್ತೆ ಜೋರಾಗಿ ತಿರುಗಿಸಿ, ತಳದ್ದನ್ನು ಹೊಸ ಟಾಲ್ಯೂಯಿನ್‌ನಲ್ಲಿ ಎಬ್ಬಿಸಿ. ಒಂದು ಸಲ ಸಾಕು. ಅಸಿಟೋನ್, ಎಥನಾಲ್ ಬಳಸಬೇಡಿ. ಅವು ಲಿಗ್ಯಾಂಡನ್ನು ಕಿತ್ತುಹಾಕಿ ಹರಳನ್ನೇ ಕೆಡಿಸುತ್ತವೆ. ನನ್ನ ಮೊಟ್ಟಮೊದಲ ಬ್ಯಾಚು ಹೋದದ್ದು ಹೀಗೇ. ಲ್ಯಾಬಿನಲ್ಲಿ ಎಲ್ಲವನ್ನೂ ಅಸಿಟೋನಿನಲ್ಲಿ ತೊಳೆದ ಅಭ್ಯಾಸ, ಇದನ್ನೂ ತೊಳೆದೆ, ಎರಡು ನಿಮಿಷದಲ್ಲಿ ಬೆಳಕು ಆರಿತು.

ಬಂದಿದೆಯಾ ಅಂತ ಹೇಗೆ ತಿಳಿಯುವುದು

ಕಣ್ಣಿಗೆ ಹಸಿರು ಕಂಡರೆ ಸಾಲದು. ಫ್ಲೋರಿಮೀಟರಿನಲ್ಲಿ (ಹೊರಬರುವ ಬೆಳಕನ್ನು ಅಳೆಯುವ ಉಪಕರಣ) ಶಿಖರ 510ರಿಂದ 520 ನ್ಯಾನೊಮೀಟರ್ ನಡುವೆ, ಅರ್ಧ ಎತ್ತರದಲ್ಲಿ ಅಗಲ 20 ನ್ಯಾನೊಮೀಟರ್ ಆಸುಪಾಸು ಇದ್ದರೆ ಒಳ್ಳೆಯ ಬ್ಯಾಚು. ದ್ರಾವಣ ದಟ್ಟವಾಗಿದ್ದರೆ ತನ್ನ ಬೆಳಕನ್ನು ತಾನೇ ನುಂಗಿ ಶಿಖರ ಕೆಂಪಿನ ಕಡೆ ಜರುಗುತ್ತದೆ, ಆದ್ದರಿಂದ ಹೀರಿಕೆ 0.1ಕ್ಕಿಂತ ಕಡಿಮೆ ಆಗುವವರೆಗೆ ತೆಳು ಮಾಡಿ. ಹೊಳಪಿನ ದಕ್ಷತೆ ಹೋಲಿಸಲು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿದ ಫ್ಲೋರಸೀನ್ ಚೆನ್ನಾಗಿದೆ, ಅದರದ್ದು 0.9ಕ್ಕೂ ಮೇಲೆ. ಟಾಲ್ಯೂಯಿನ್ ಮತ್ತು ನೀರಿನ ವಕ್ರೀಭವನಾಂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ, ಪರೀಕ್ಷೆಯಲ್ಲಿ ತುಂಬಾ ಜನ ಅಲ್ಲೇ ಸಿಕ್ಕಿಬೀಳುತ್ತಾರೆ.

ಎಕ್ಸ್-ರೇ ಡಿಫ್ರಾಕ್ಷನ್ನಿನಲ್ಲಿ (ಹರಳಿನ ಜೋಡಣೆ ಗುರುತಿಸುವ ಪರೀಕ್ಷೆ) ತಾಮ್ರದ ಕಿರಣಕ್ಕೆ 15.2, 21.5, 30.6 ಡಿಗ್ರಿ ಹತ್ತಿರ ಮುಖ್ಯ ಶಿಖರಗಳು ಬರಬೇಕು. 12.7ರ ಸುತ್ತ ಜೋಡಿ ಶಿಖರ ಕಂಡರೆ ನಾಲ್ಕು ಸೀಸಿಯಂ ಹರಳು ಸೇರಿದೆ. 11.7ರಲ್ಲಿ ಕಂಡರೆ ಎರಡು ಸೀಸದ್ದು, ಸಾಮಾನ್ಯವಾಗಿ ತೇವ ಸೋಕಿರುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಬೆಂಗಳೂರಿಗೇ ಹೋಗಬೇಕು. ಐ-ಸ್ಟೆಮ್ ಪೋರ್ಟಲಿನಲ್ಲಿ ಹೊರಗಿನವರೂ ಉಪಕರಣ ಬುಕ್ ಮಾಡಬಹುದು. ಅರೆದು ಮಾಡಿದ ಹರಳುಗಳ ಗಾತ್ರ ಬಿಸಿ ವಿಧಾನದಷ್ಟು ಒಂದೇ ಸಮ ಇರುವುದಿಲ್ಲ. ಅದನ್ನು ಮುಚ್ಚಿಡದೆ ವರದಿಯಲ್ಲಿ ಬರೆಯಿರಿ.

ಶಿಖರ ನೀಲಿಯ ಕಡೆ ಜರುಗಿದ್ದರೆ ಹರಳು ತೀರಾ ತೆಳು ಹಾಳೆಯಂತೆ ಬೆಳೆದಿದೆ, ಲಿಗ್ಯಾಂಡ್ ಜಾಸ್ತಿ ಆಗಿದೆ. ಮುದ್ದೆ ಹೊಳೆಯುತ್ತದೆ, ಟಾಲ್ಯೂಯಿನ್‌ಗೆ ಹಾಕಿದರೆ ಎಲ್ಲ ತಳ ಸೇರುತ್ತದೆ ಅಂದರೆ ಲಿಗ್ಯಾಂಡ್ ಸಾಲದು ಅಥವಾ ಅರೆದದ್ದು ಸಾಲದು. ಮೊದಲು ಇನ್ನೂ ಕಾಲು ಗಂಟೆ ಅರೆಯಿರಿ, ಆಮೇಲೆ ಹನಿ ಹಾಕುವ ಯೋಚನೆ ಮಾಡಿ.

ಬೇರೆ ಬಣ್ಣಗಳು

ಬ್ರೋಮೈಡ್ ಜಾಗಕ್ಕೆ ಒಂದಷ್ಟು ಕ್ಲೋರೈಡ್ ಹಾಕಿದರೆ ನೀಲಿ, ಅಯೊಡೈಡ್ ಹಾಕಿದರೆ ಹಳದಿ, ಕೆಂಪು. ಉಪ್ಪುಗಳನ್ನು ಬೇಕಾದ ಪಾಲಿನಲ್ಲಿ ಒಟ್ಟಿಗೇ ಅರೆದರೆ ಸಾಕು. ಪೂರ್ತಿ ಅಯೊಡೈಡಿನ ಹರಳು ಮಾತ್ರ ಕೈಕೊಡುತ್ತದೆ, ಕೋಣೆಯ ಉಷ್ಣಾಂಶದಲ್ಲಿ ನಿಲ್ಲದೆ ಬೆಳಕಿಲ್ಲದ ಹಳದಿ ರೂಪಕ್ಕೆ ಬೀಳುತ್ತದೆ. ಹಸಿರು ದ್ರಾವಣಕ್ಕೆ ಕೆಂಪು ದ್ರಾವಣ ಬೆರೆಸಿದರೆ ಎರಡು ಬಣ್ಣ ಪಕ್ಕಪಕ್ಕ ಉಳಿಯುವುದಿಲ್ಲ. ಹ್ಯಾಲೈಡುಗಳು (ಅಂದರೆ ಈ ಕ್ಲೋರೈಡ್, ಬ್ರೋಮೈಡ್, ಅಯೊಡೈಡ್) ಅದಲುಬದಲಾಗಿ ನಡುವಿನ ಒಂದೇ ಬಣ್ಣ ಬರುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಚಂದದ ಪ್ರಯೋಗ ನನಗೆ ಗೊತ್ತಿಲ್ಲ. ಬಣ್ಣ ಬಣ್ಣದ ಹರಳು ಒಂದೇ ಫಿಲ್ಮಿನಲ್ಲಿ ಬೇಕಾದರೆ ಬೇರೆ ಬೇರೆ ಪದರ ಮಾಡಬೇಕು.

ಇಟ್ಟುಕೊಳ್ಳುವುದು, ಬಿಸಾಡುವುದು

ದ್ರಾವಣವನ್ನು ಕಂದು ಬಾಟಲಿಯಲ್ಲಿ, ಮುಚ್ಚಿ, ಕತ್ತಲಲ್ಲಿ ಇಡಿ. ತೇವ ಇದರ ದೊಡ್ಡ ಶತ್ರು. ಜಾಸ್ತಿ ದಿನ ಬಾಳಬೇಕಾದರೆ ಪಾಲಿಸ್ಟೈರೀನ್ ಅಥವಾ ಪಿ.ಎಂ.ಎಂ.ಎ. ಪ್ಲಾಸ್ಟಿಕ್ಕನ್ನು ಟಾಲ್ಯೂಯಿನ್‌ನಲ್ಲಿ ಕರಗಿಸಿ ಹರಳಿನ ದ್ರಾವಣ ಬೆರೆಸಿ, ಗಾಜಿನ ಸ್ಲೈಡಿನ ಮೇಲೆ ಸುರಿದು ಹುಡ್ಡಿನಲ್ಲಿ ಒಣಗಿಸಿ. ಪ್ಲಾಸ್ಟಿಕ್ಕಿನೊಳಗೆ ಸಿಕ್ಕ ಹರಳಿಗೆ ತೇವ ಬೇಗ ತಾಗುವುದಿಲ್ಲ. ಆ ಸ್ಲೈಡನ್ನು ನೀಲಿ ಎಲ್.ಇ.ಡಿ. ಮುಂದೆ ಹಿಡಿದರೆ ಟಿ.ವಿ. ಪರದೆಯಲ್ಲಿ ಈ ಹರಳುಗಳನ್ನು ಹೇಗೆ ಬಳಸಬೇಕೆಂದು ಜನ ಯೋಚಿಸುತ್ತಿದ್ದಾರೋ ಅದು ಕಣ್ಣೆದುರು ಕಾಣುತ್ತದೆ. ಅಲ್ಲೂ ಅಡ್ಡ ಬರುವುದು ಸೀಸವೇ, ಯುರೋಪಿನ ನಿಯಮದಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಒಂದೊಂದು ವಸ್ತುವಿನಲ್ಲೂ ಸೀಸಕ್ಕೆ ಮಿತಿ ಶೇ. 0.1.

ಕೆಲಸ ಮುಗಿದ ಮೇಲೆ ಮಾರ್ಟರನ್ನು ಟಾಲ್ಯೂಯಿನ್ ಹಚ್ಚಿದ ಟಿಶ್ಯೂವಿನಿಂದ ಎರಡು ಸಲ, ಎಥನಾಲ್ ಹಚ್ಚಿದ್ದರಿಂದ ಒಂದು ಸಲ ಒರೆಸಿ. ದೀಪ ಆರಿಸಿ ಟಾರ್ಚ್ ಹಿಡಿಯಿರಿ. ಎಲ್ಲಾದರೂ ಹಸಿರು ಚುಕ್ಕೆ ಕಂಡರೆ ಮತ್ತೆ ಒರೆಸಿ. ಬೆಂಚು, ಸ್ಪ್ಯಾಚುಲಾ, ತಕ್ಕಡಿಯ ತಟ್ಟೆ, ಬಾಗಿಲ ಹಿಡಿಯ ಮೇಲೂ ಟಾರ್ಚ್ ಬಿಡಿ. ಆದರೆ ಟಾರ್ಚ್ ತೋರಿಸುವುದು ಹೊಳೆಯುವ ಹರಳನ್ನು ಮಾತ್ರ, ಬಿಳಿ ಲೆಡ್ ಬ್ರೋಮೈಡ್ ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಹೊಳೆಯದ ಜಾಗವನ್ನೂ ಒಂದು ಸಲ ಒದ್ದೆಯಲ್ಲಿ ಒರೆಸಲೇಬೇಕು.

ಟಿಶ್ಯೂ, ಗ್ಲೌಸ್, ಪಿಪೆಟ್ ತುದಿ, ತಳ ಸೇರಿದ ಪುಡಿ ಒಂದು ಅಗಲ ಬಾಯಿಯ ಡಬ್ಬಕ್ಕೆ. ಟಾಲ್ಯೂಯಿನ್, ಇಥೈಲ್ ಅಸಿಟೇಟ್ ಬೆರೆತ ದ್ರವ ಇನ್ನೊಂದು ಬಾಟಲಿಗೆ, ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ. ಎರಡರ ಮೇಲೂ ಕನ್ನಡದಲ್ಲೇ ದೊಡ್ಡದಾಗಿ "ಸೀಸ ಇದೆ, ಸಿಂಕಿಗೆ ಸುರಿಯಬೇಡಿ" ಅಂತ ಬರೆದು, ಒಳಗೆ ಏನಿದೆ, ಅಂದಾಜು ಎಷ್ಟು ಗ್ರಾಂ ಸೀಸ, ಯಾವ ತಾರೀಖಿನಿಂದ ತುಂಬಿದ್ದು, ಎಲ್ಲ ಚೀಟಿಯಲ್ಲಿ ನಮೂದಿಸಿ. ಡಬ್ಬ ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಅಪಾಯಕಾರಿ ತ್ಯಾಜ್ಯದವರಿಗೇ ಕೊಡಬೇಕು, ರಸೀದಿ ತೆಗೆದುಕೊಂಡು ಫೈಲಿಗೆ ಹಾಕಬೇಕು. ಪ್ರಾಜೆಕ್ಟ್ ಶುರು ಮಾಡುವ ಮುಂಚೆಯೇ ಈ ಖರ್ಚನ್ನು ಬಜೆಟ್ಟಿನಲ್ಲಿ ಬರೆಸಿಕೊಳ್ಳಿ. ಅದು ಮಂಜೂರಾಗದಿದ್ದರೆ ಲೆಡ್ ಬ್ರೋಮೈಡಿಗೆ ಆರ್ಡರ್ ಹಾಕಬೇಡಿ, ಆ ವರ್ಷ ತಾಮ್ರದ ನೀಲಿ ಹರಳಿನ ಮೇಲೇ ಪ್ರಾಜೆಕ್ಟ್ ಮಾಡಿ.